ಪ್ರಶ್ನೋತ್ತರ: ಒಂದೇ ಬಲಿಪೂಜೆಗೆ ಮೂರು ಭಾಷೆಯ ಹಾಡು

ಪ್ರಶ್ನೆ: ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಭಾನುವಾರ ಒಂದೇ ಬಲಿಪೂಜೆ (ಮಾಸ್). ಹಿರಿಯರಿಗೆ ಕೊಂಕಣಿ ಬೇಕು. ಕನ್ನಡ ಶಾಲೆಗೆ ಹೋಗುವ ಮಕ್ಕಳಿಗೂ ಘಟ್ಟದ ಮೇಲಿನಿಂದ ಇಳಿದು ಬಂದು ನೆಲೆಸಿದ ಮನೆಗಳಿಗೂ ಕನ್ನಡ ಬೇಕು. ನೌಕಾನೆಲೆಗೂ ಕೈಗಾ ಸ್ಥಾವರಕ್ಕೂ ಹೊರರಾಜ್ಯಗಳಿಂದ ಬಂದವರು ಇಂಗ್ಲಿಷ್ ಕೇಳುತ್ತಾರೆ. ಜಗಳ ಬೇಡವೆಂದು ಗಾಯನ ಮಂಡಳಿಯವರು ಪ್ರವೇಶಕ್ಕೆ ಕೊಂಕಣಿ, ಕಾಣಿಕೆಗೆ ಕನ್ನಡ, ಪರಮಪ್ರಸಾದಕ್ಕೆ (ಕಮ್ಯುನಿಯನ್) ಇಂಗ್ಲಿಷ್, ಮುಕ್ತಾಯಕ್ಕೆ ಮತ್ತೆ ಕೊಂಕಣಿ ಎಂದು ಹಂಚಿಕೊಟ್ಟಿದ್ದಾರೆ. ಆದರೂ ಯಾರಿಗೂ ಸಮಾಧಾನವಿಲ್ಲ, ಮಂಡಳಿಯ ಹೊರಗೆ ಹಾಡುವವರೂ ಇಲ್ಲ. ಧರ್ಮಸಭೆಯ ನಿಯಮ ಏನು ಹೇಳುತ್ತದೆ?
(ಓದುಗರೊಬ್ಬರು, ಕಾರವಾರ ತಾಲ್ಲೂಕು)

ಉತ್ತರ: ನೀವು ಹಂಚಿಕೊಂಡಿರುವ ನಾಲ್ಕು ಹಾಡುಗಳು ಧರ್ಮಸಭೆಯ ಲೆಕ್ಕದಲ್ಲಿ ಕೊನೆಗೆ ಬರುವಂಥವು. ಮೊದಲು ಹಾಡಬೇಕಾದದ್ದನ್ನು ನೀವು, ನಮ್ಮ ಜಿಲ್ಲೆಯ ಹೆಚ್ಚಿನ ಇಗರ್ಜಿಗಳಂತೆ, ಬಾಯಿಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೀರಿ ಎಂದು ನನ್ನ ಊಹೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಕುರಿತಾದ ಪ್ರಮಾಣಪತ್ರವು ಜನರ ಭಾಷೆಗೆ ಬಾಗಿಲು ತೆರೆಯಿತು. ಅದನ್ನು ಸಂಗೀತಕ್ಕೆ ಅನ್ವಯಿಸಿ 1967ರ ಮಾರ್ಚ್ 5ರಂದು ರೋಮ್‌ನಿಂದ ‘ಮ್ಯೂಸಿಕಾಂ ಸಾಕ್ರಾಂ’ ಎಂಬ ಸೂಚನಾಪತ್ರ ಬಂತು. ಹಾಡಬೇಕಾದದ್ದನ್ನು ಅದು ಮೂರು ಮೆಟ್ಟಿಲುಗಳಾಗಿ ವಿಂಗಡಿಸುತ್ತದೆ. ಗುರುಗಳ ವಂದನೆ ಮತ್ತು ಅದಕ್ಕೆ ಜನರ ಮರುನುಡಿ, ಶುಭಸಂದೇಶದ ಹಿಂದುಮುಂದಿನ ಘೋಷಣೆಗಳು, ‘ಪರಮಪವಿತ್ರ’, ಪ್ರಭು ಕಲಿಸಿದ ಪ್ರಾರ್ಥನೆ, ಬೀಳ್ಕೊಡುಗೆಯ ಮಾತು, ಇವು ಮೊದಲ ಮೆಟ್ಟಿಲು. ಕರುಣೆಯ ಮೊರೆ, ಮಹಿಮಾಗೀತೆ, ವಿಶ್ವಾಸಪ್ರಮಾಣ, ‘ದೇವರ ಕುರಿಮರಿ’ ಎರಡನೆಯದು. ಪ್ರವೇಶದ ಹಾಡು, ಕಾಣಿಕೆಯ ಹಾಡು, ಪರಮಪ್ರಸಾದದ ಹಾಡು ಮೂರನೆಯದರಲ್ಲಿ ಬರುತ್ತವೆ. ಮೊದಲನೆಯದನ್ನು ಮಾತ್ರ ಹಾಡಿ ಉಳಿದವನ್ನು ಬಿಡಬಹುದು. ಮೊದಲನೆಯದನ್ನು ಬಿಟ್ಟು ಉಳಿದವನ್ನು ಹಾಡುವಂತಿಲ್ಲ ಎಂದು ಆ ಪತ್ರ ಸ್ಪಷ್ಟವಾಗಿ ಹೇಳುತ್ತದೆ. ನಾವು ಏಣಿಯನ್ನು ತಲೆಕೆಳಗಾಗಿ ಒರಗಿಸಿ ಹತ್ತುತ್ತಿದ್ದೇವೆ. ಕೀಬೋರ್ಡ್, ಗಿಟಾರ್, ನಾಲ್ಕು ಚರಣಗಳ ಹಾಡು ಎಲ್ಲವೂ ಇವೆ; ಗುರುಗಳು ಪ್ರಭುವಿನ ಪ್ರಾರ್ಥನೆಯನ್ನು ಕೊಂಕಣಿಯಲ್ಲಿ ‘ಆಮ್ಚ್ಯಾ ಬಾಪಾ’ ಎಂದು ಆರಂಭಿಸಿದೊಡನೆ ಮೈಕು ತಗ್ಗುತ್ತದೆ, ಎಲ್ಲರೂ ಅವಸರದಲ್ಲಿ ಓದುತ್ತಾರೆ.

ಆದ್ದರಿಂದ ಯಾವ ಭಾಷೆಗೆ ಎಷ್ಟು ಹಾಡು ಎಂಬ ಎಣಿಕೆಯನ್ನು ಸ್ವಲ್ಪ ಕಾಲ ಬದಿಗಿಡಿ. ಮೊದಲ ಮೆಟ್ಟಿಲಿನ ಮರುನುಡಿಗಳಿಗೆ ಮೂರು ನಾಲ್ಕು ಸ್ವರಗಳ ಒಂದೇ ಸರಳ ಧಾಟಿಯನ್ನು ಆರಿಸಿಕೊಂಡು, ಅದನ್ನೇ ಕೊಂಕಣಿಗೂ ಕನ್ನಡಕ್ಕೂ ಇಂಗ್ಲಿಷಿಗೂ ಹೊಂದಿಸಿ. ಈ ವಾರ ಕೊಂಕಣಿ, ಮುಂದಿನ ವಾರ ಕನ್ನಡ ಎಂದು ಭಾಷೆ ಬದಲಾದರೂ ರಾಗ ಬದಲಾಗದಿದ್ದರೆ, ಕೈಗಾದಿಂದ ಬಂದ ಮಲಯಾಳಿ ಕುಟುಂಬಕ್ಕೂ ಯಾವಾಗ ಏನು ಹೇಳಬೇಕೆಂಬುದು ಕಿವಿಯಿಂದಲೇ ತಿಳಿಯುತ್ತದೆ. ಆದರೆ ಒಂದು ಬಲಿಪೂಜೆಯ ಪ್ರಾರ್ಥನೆಗಳೂ ಮರುನುಡಿಗಳೂ ಒಂದೇ ಭಾಷೆಯಲ್ಲಿರಲಿ ಎಂಬುದು ನನ್ನ ಅಭಿಪ್ರಾಯ. ಗುರುಗಳು ಕನ್ನಡದಲ್ಲಿ ಹರಸಿ ಜನರು ಕೊಂಕಣಿಯಲ್ಲಿ ಉತ್ತರಿಸುವುದು ಸಂಭಾಷಣೆಯಂತೆ ಕೇಳುವುದಿಲ್ಲ. ವಾಚನಗಳಲ್ಲಿ ಒಂದನ್ನು, ವಿಶ್ವಾಸಿಗಳ ಬಿನ್ನಹಗಳಲ್ಲಿ ಒಂದೆರಡನ್ನು ಬೇರೆ ಭಾಷೆಗೆ ಬಿಡಬಹುದು. ಪರಮಪ್ರಸಾದಕ್ಕೆ ಜನ ಪುಸ್ತಕ ಹಿಡಿದು ನಡೆಯುವುದಿಲ್ಲ, ಹಾಡಿನ ಸಾಲು ತೋರಿಸುವ ಪರದೆಯ ಕಡೆಗೂ ನೋಡುವುದಿಲ್ಲ. ಆದ್ದರಿಂದ ಅಲ್ಲಿ ಎರಡು ಸಾಲಿನ ಪಲ್ಲವಿ ಜನರಿಗಿರಲಿ, ಚರಣಗಳು ಮಂಡಳಿಗಿರಲಿ. ಪಲ್ಲವಿ ಕೊಂಕಣಿಯಾದರೆ ಚರಣ ಕನ್ನಡವಾಗಬಹುದು.

ಪರದೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಕೊಂಕಣಿ ಹಾಡನ್ನು ಕನ್ನಡ ಲಿಪಿಯಲ್ಲಿ ತೋರಿಸಿದರೆ ಎಲ್ಲರೂ ಓದಬಲ್ಲರು, ನಿಜ. ಆದರೆ ‘ಆಮ್ಚಿ’ಯ ಚಕಾರ ಬೇರೆ, ‘ಆಮ್ಚೊ’ದ ಚಕಾರ ಬೇರೆ, ಎರಡನೆಯದನ್ನು ಹಲ್ಲಿಗೆ ನಾಲಿಗೆ ತಾಗಿಸಿ ‘ತ್ಸೊ’ ಎಂಬಂತೆ ನುಡಿಯಬೇಕು. ಲಿಪಿ ಅದನ್ನು ತೋರಿಸುವುದಿಲ್ಲ, ಮನೆಯಲ್ಲಿ ಕೊಂಕಣಿಯಿಲ್ಲದ ಹುಡುಗ ಹೇಗೆ ಕಂಡಿತೋ ಹಾಗೆ ಹಾಡುತ್ತಾನೆ, ಮುಂದಿನ ಬೆಂಚಿನ ಅಜ್ಜಿಯರು ತಿರುಗಿ ನೋಡುತ್ತಾರೆ. ಕನ್ನಡಕ್ಕೂ ಇಂಥ ಗಾಯವಾಗುತ್ತದೆ. ಇಂಗ್ಲಿಷ್ ಹಾಡಿನ ರಾಗಕ್ಕೆ ಕನ್ನಡ ಮಾತು ತುಂಬಿದಾಗ ಮೊದಲ ಅಕ್ಷರದ ಮೇಲೆ ರಾಗ ಎಳೆದು ‘ದಯೆ’ಯು ‘ದಾಯೆ’ಯಾಗುತ್ತದೆ. ಹ್ರಸ್ವ ದೀರ್ಘದಿಂದಲೇ ಅರ್ಥ ಬದಲಾಗುವ ಭಾಷೆ ನಮ್ಮದು. ಅಭ್ಯಾಸದ ದಿನ ರಾಗವನ್ನು ಬಿಟ್ಟು ಮಾತುಗಳನ್ನಷ್ಟೇ ಒಮ್ಮೆ ಗಟ್ಟಿಯಾಗಿ ಓದಿಸಿದರೆ ಎರಡೂ ತೊಂದರೆಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಹಾಡುಗಳ ಆಯ್ಕೆಯಲ್ಲಿ ಇರುವ ಸ್ವಾತಂತ್ರ್ಯ ಬಲಿಪೂಜೆಯ ಪಠ್ಯಗಳಲ್ಲಿ ಇಲ್ಲ ಎಂಬುದನ್ನೂ ಮಂಡಳಿಗೆ ತಿಳಿಸಿ. ಮಹಿಮಾಗೀತೆಯ ಬದಲಿಗೆ ‘ಮಹಿಮೆ’ ಎಂಬ ಪದವಿರುವ ಬೇರೊಂದು ಹಾಡನ್ನು ಹಾಕುವಂತಿಲ್ಲ. ವಾಚನದ ಬಳಿಕ ಬರುವ ಬೈಬಲಿನ ಕೀರ್ತನೆಯ ಜಾಗಕ್ಕೆ ಬೈಬಲಿನಲ್ಲಿಲ್ಲದ ಭಕ್ತಿಗೀತೆಯನ್ನು ತರುವಂತಿಲ್ಲ. ನಾನು ಹಾಡುತ್ತಿದ್ದ ಮಂಡಳಿಯಲ್ಲಿ ಬಹಳ ವರ್ಷ ಅರ್ಧಕ್ಕರ್ಧ ಸಾಲು ಕಳೆದುಹೋದ ಮಹಿಮಾಗೀತೆಯನ್ನೇ ಹಾಡಿದೆವು. ರಾಗ ಅಷ್ಟು ಚೆನ್ನಾಗಿದ್ದುದರಿಂದ ಯಾರೂ ಲೆಕ್ಕ ಹಾಕಲಿಲ್ಲ.

ನಿಮ್ಮ ತಾಪತ್ರಯ ನಿಮ್ಮೊಬ್ಬರದಲ್ಲ. 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟ ಕಾರವಾರ ಧರ್ಮಕ್ಷೇತ್ರದಲ್ಲಿ (ಬಿಷಪರ ಆಡಳಿತದ ಪ್ರದೇಶ) ಗೋವೆಗೆ ಅಂಟಿಕೊಂಡ ಕರಾವಳಿಯೂ ಇದೆ, ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ವಿಶ್ವಾಸಿಗಳೂ ಇದ್ದಾರೆ. ಮೂರು ಭಾಷೆಯವರೂ ಸೇರುವ ಫೆಸ್ತಿನ (ಇಗರ್ಜಿಯ ಹಬ್ಬದ) ದಿನ ಕರುಣೆಯ ಮೊರೆಯನ್ನು ‘ಕೀರಿಯೆ ಎಲೆಯ್ಸೋನ್’ (ಪ್ರಭುವೇ, ಕರುಣಿಸು) ಎಂದು ಹಳೆಯ ಧಾಟಿಯಲ್ಲೇ ಹಾಡಿ ನೋಡಿ. ಅದು ಗ್ರೀಕ್, ಅಲ್ಲಿ ಕುಳಿತ ಯಾರದೂ ಅಲ್ಲ, ಹಾಗಾಗಿ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಲ್ಯಾಟಿನ್ ಕೂಡ ನಿಷಿದ್ಧವಾಗಿಲ್ಲ. ಬೇರೆ ಬೇರೆ ನಾಡಿನವರು ಕೂಡಿದಾಗ ವಿಶ್ವಾಸಪ್ರಮಾಣವನ್ನೂ ಪ್ರಭುವಿನ ಪ್ರಾರ್ಥನೆಯನ್ನೂ ಅದರಲ್ಲಿ ಹಾಡಲು ಜನರಿಗೆ ಬರಬೇಕು ಎಂಬುದೇ ಇಂದಿಗೂ ನಿಯಮ.

ಪ್ರಶ್ನೆ: ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ) ತಬಲಾ, ಹಾರ್ಮೋನಿಯಂ ಪೂರ್ತಿ ನಿಲ್ಲಿಸಬೇಕೆ?
(ಶಿರಸಿಯಿಂದ ಒಬ್ಬರು)

ಉತ್ತರ: ಬೇಕಿಲ್ಲ. ಹಾಡುವವರಿಗೆ ಆಧಾರವಾಗುವಷ್ಟು ಮಾತ್ರ ನುಡಿಸಬಹುದು. ಹಾಡಿಲ್ಲದೆ ಬರಿಯ ವಾದ್ಯ ಕೇಳಿಸಬಾರದು. ಹೀಗಾಗಿ ಕಾಣಿಕೆಯ ಹಾಡು ಮುಗಿದ ಮೇಲೆ ಗುರುಗಳು ಕೈತೊಳೆಯುವವರೆಗೆ ಹಾರ್ಮೋನಿಯಂ ಎಳೆಯುತ್ತಾ ಕೂರುವ ನಮ್ಮ ರೂಢಿಯನ್ನು ಆ ವಾರಗಳಲ್ಲಿ ಬಿಡಬೇಕಾಗುತ್ತದೆ. ತಪಸ್ಸುಕಾಲದ ನಾಲ್ಕನೆಯ ಭಾನುವಾರಕ್ಕೂ ನಡುವೆ ಬರುವ ಮಹೋತ್ಸವ, ಹಬ್ಬಗಳಿಗೂ ಈ ಕಟ್ಟು ಇಲ್ಲ. ಮಾರ್ಚ್ 19ರ ಸಂತ ಜೋಸೆಫರ ಮಹೋತ್ಸವಕ್ಕೆ ತಬಲಾ ನುಡಿಯಲಿ.