ಹಡಗಿನಲ್ಲಿ ನಡೆಯುವ ಇಂಗ್ಲಿಷ್

ಇವತ್ತಿನ ಜಗತ್ತಿಗೆಲ್ಲ ಸಾಮಾನ್ಯ ಭಾಷೆ ಯಾವುದು, ಇಂಗ್ಲಿಷಾ ಚೈನೀಸಾ, ಕನ್ನಡ ಮೀಡಿಯಂನವರು ಏನು ಮಾಡಬೇಕು ಅಂತ ಕೇಳಿದ್ದೀರಿ. ಇಂಗ್ಲಿಷೇ. ಹನ್ನೊಂದು ವರ್ಷದಿಂದ ಸರಕು ಹಡಗುಗಳಲ್ಲಿ ಡೆಕ್ ಆಫೀಸರ್, ಅಂದರೆ ಹಡಗು ನಡೆಸುವ ಅಧಿಕಾರಿ ಆಗಿದ್ದೇನೆ, ದಿನಾ ನೋಡುತ್ತಿದ್ದೇನೆ.

ಮನೆಮಾತಿನ ಲೆಕ್ಕ ಹಿಡಿದರೆ ಚೈನೀಸಿನ ಮುಖ್ಯ ರೂಪವಾದ ಮ್ಯಾಂಡರಿನ್ ಮುಂದಿದೆ, 90 ಕೋಟಿಗೂ ಜಾಸ್ತಿ ಜನ. ಇಂಗ್ಲಿಷ್ ಮನೆಮಾತಾಗಿರುವವರು 40 ಕೋಟಿ ಆಸುಪಾಸು. ಆದರೆ ಮ್ಯಾಂಡರಿನ್ ಆಡುವವರು ಹೆಚ್ಚಾಗಿ ಚೀನಾದವರೇ. ಇಂಗ್ಲಿಷನ್ನು ಕಲಿತು ಆಡುವವರೇ ಮನೆಮಾತಿನವರಿಗಿಂತ ಎಷ್ಟೋ ಜಾಸ್ತಿ. ಮೊದಲು ಬ್ರಿಟಿಷರ ಆಳ್ವಿಕೆ, ಆಮೇಲೆ ಅಮೆರಿಕದ ದುಡ್ಡು, ಎರಡೂ ಸೇರಿ ಹೀಗಾಯಿತು. ಇಪ್ಪತ್ತನೇ ಶತಮಾನದ ಶುರುವಿನ ತನಕ ಯುರೋಪಿನ ದೇಶದೇಶಗಳ ನಡುವಿನ ಮಾತುಕತೆ ಹೆಚ್ಚಾಗಿ ಫ್ರೆಂಚಿನಲ್ಲಿ ನಡೆಯುತ್ತಿತ್ತು. ಮೊದಲ ಮಹಾಯುದ್ಧದ ಬಳಿಕ 1919ರಲ್ಲಿ ಆದ ವರ್ಸೇಲ್ಸ್ ಒಪ್ಪಂದವನ್ನು ಫ್ರೆಂಚ್, ಇಂಗ್ಲಿಷ್ ಎರಡೂ ಭಾಷೆಯಲ್ಲಿ ಬರೆದರು.

ಆದರೆ ಈ ಸಾಮಾನ್ಯ ಇಂಗ್ಲಿಷ್ ಲಂಡನ್ನಿನವರ ಇಂಗ್ಲಿಷ್ ಅಲ್ಲ. ಈಗಿನ ನನ್ನ ಹಡಗಿನಲ್ಲಿ ಕ್ಯಾಪ್ಟನ್ ಉಕ್ರೇನಿನವರು, ಚುಕ್ಕಾಣಿ ಹಿಡಿಯುವ ಹುಡುಗ ಫಿಲಿಪೈನ್ಸಿನವನು, ನಾನು ಹೊನ್ನಾವರದವನು. ಬಂದರಿನೊಳಗೆ ಹೋಗುವಾಗ 'ಪೋರ್ಟ್ ಟೆನ್' ಅಂದರೆ ಆ ಹುಡುಗ ಮೊದಲು ಅದನ್ನೇ ತಿರುಗಿ ಹೇಳುತ್ತಾನೆ. ಚುಕ್ಕಾಣಿ ಎಡಕ್ಕೆ ಹತ್ತು ಡಿಗ್ರಿ ತಿರುಗಿದ ಮೇಲೆ ಇನ್ನೊಂದು ಸಲ ಹೇಳುತ್ತಾನೆ. ಸುಮ್ನೆ ಹೂಂ ಅನ್ನುವ ಹಾಗಿಲ್ಲ.

ರೇಡಿಯೋದಲ್ಲಿ 150 ಅಂದರೆ 'ಒನ್ ಫೈವ್ ಝೀರೋ'. ಫಿಫ್ಟೀನ್, ಫಿಫ್ಟಿ ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ ಅಲ್ವಾ? 'ಮೇ', 'ಕ್ಯಾನ್' ಅನ್ನುವುದನ್ನೂ ಆದಷ್ಟು ಬಿಡುತ್ತೇವೆ. 'ಯೂ ಕ್ಯಾನ್ ಎಂಟರ್' ಅಂದರೆ ಒಳಗೆ ಬರುವಷ್ಟು ಜಾಗ ಇದೆ ಅಂತಲೋ, ಅನುಮತಿ ಕೊಟ್ಟಿದ್ದೇವೆ ಅಂತಲೋ? ಅದಕ್ಕೇ 'ಯೂ ಹ್ಯಾವ್ ಪರ್ಮಿಷನ್' ಅಂತಲೇ ಹೇಳಬೇಕು. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2001ರಲ್ಲಿ ಇಂಥ ವಾಕ್ಯಗಳನ್ನೆಲ್ಲ ಒಟ್ಟುಮಾಡಿ ಒಪ್ಪಿಗೆ ಕೊಟ್ಟಿದೆ. ಇದು ಬರೀ ಶಿಸ್ತಿನ ಮಾತಲ್ಲ. 1990ರಲ್ಲಿ ಓಸ್ಲೋದಿಂದ ಹೊರಟ ಸ್ಕ್ಯಾಂಡಿನೇವಿಯನ್ ಸ್ಟಾರ್ ಹಡಗಿಗೆ ಬೆಂಕಿ ಬಿದ್ದು 159 ಜನ ಸತ್ತರು. ಪ್ರಯಾಣಿಕರು ಹೆಚ್ಚಾಗಿ ನಾರ್ವೆಯವರು. ಸಿಬ್ಬಂದಿಯಲ್ಲಿ ಬಹಳ ಜನ ಪೋರ್ಚುಗೀಸರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲಿಲ್ಲ.

ಒಮ್ಮೆ ಇಂಗ್ಲೆಂಡಿನ ಬಂದರೊಂದರ ಹತ್ತಿರ ರೇಡಿಯೋದಲ್ಲಿ ಅಲ್ಲಿಯವರು ಆಡಿದ್ದು ನಮಗ್ಯಾರಿಗೂ ಅರ್ಥವಾಗದೆ ಮೂರು ಸಲ ಕೇಳಬೇಕಾಯಿತು. ಹುಟ್ಟಿದಾಗಿನಿಂದ ಇಂಗ್ಲಿಷ್ ಆಡಿದವರು ಅವರು. ಅದೇ ಹೊತ್ತಿಗೆ ಪಕ್ಕದ ಚೀನೀ ಹಡಗಿನವರು ಹೇಳಿದ್ದು ಒಂದೇ ಸಲಕ್ಕೆ ತಿಳಿಯಿತು. ಬಿಡಿಬಿಡಿಯಾಗಿ, ಗೊತ್ತಿರುವ ಪದಗಳಲ್ಲೇ ಹೇಳಿದ್ದರು.

ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮೇ. ದೊಡ್ಡ ದೊಡ್ಡ ಪದಗಳ ಹಿಂದೆ ಹೋಗಬೇಡಿ. ಅಂಕಿಗಳನ್ನು ಸ್ಪಷ್ಟವಾಗಿ ಹೇಳುವುದು, ಕೇಳಿದ್ದನ್ನು ತಿರುಗಿ ಹೇಳುವುದು, ತಿಳಿಯದಿದ್ದರೆ 'ಸೇ ಅಗೇನ್' ಅನ್ನುವುದು, ಇವನ್ನು ಮೊದಲು ರೂಢಿ ಮಾಡಿಕೊಳ್ಳಿ. ಮೂರನೆಯದಕ್ಕೆ ನಾಚಿಕೊಳ್ಳಬೇಡಿ. ನಮ್ಮ ಕ್ಯಾಪ್ಟನ್ ಸಮುದ್ರದ ಮೇಲೆ ಮೂವತ್ತು ವರ್ಷ ಕಳೆದವರು, ಅವರೂ ದಿನಕ್ಕೆ ನಾಲ್ಕು ಸಲ ಹಾಗೆ ಕೇಳುತ್ತಾರೆ.