ನಮ್ಮದು ಯಾದಗಿರಿ. 6 ಅಡಿ ಪೋಲ್‌ಸ್ಪಿಯರ್ (ಹಿಂದಿನ ತುದಿಗೆ ರಬ್ಬರ್ ಇರುವ, ನೀರೊಳಗೆ ಮೀನು ಹೊಡೆಯುವ ಈಟಿ) ಮೀನಿಗೆ ಮುಟ್ಟುತ್ತಿಲ್ಲ, 9 ಅಡಿಯದ್ದು ತಗೊಳ್ಳಲಾ, ಇದ್ದದ್ದನ್ನೇ ಉದ್ದ ಮಾಡಿಸಲಾ?

ಎರಡೂ ಬೇಡ. ನಾನು ಇದೇ 6 ಅಡಿಯನ್ನು ಲೇತ್ ಅಂಗಡಿಯಲ್ಲಿ 9 ಅಡಿ ಮಾಡಿಸಿದವನು.

ನಮ್ಮದು ಶಹಾಬಾದ್ ಹತ್ತಿರದ ಹಳ್ಳಿ. ಫರ್ಶಿ ಕಲ್ಲು ತೆಗೆದು ಬಿಟ್ಟ ಹಳೇ ಖಣಿಗಳಲ್ಲಿ ನೀರು ನಿಂತಿರುತ್ತದೆ. ಜನವರಿಯಲ್ಲಿ ಆ ನೀರು ತಿಳಿ ಇರುತ್ತದೆ, ತಳದ ಕಲ್ಲಿನ ಪದರ ಕೂಡ ಕಾಣುತ್ತದೆ. ಜಿಲೇಬಿ ಮೀನು ಗುಂಪು ಗುಂಪಾಗಿ ಬರುತ್ತವೆ. ನನಗೂ ನಿಮ್ಮ ಹಾಗೇ ಆಗುತ್ತಿತ್ತು. ಮೀನು ಇಲ್ಲೇ ಇದೆ ಅನಿಸುತ್ತದೆ, ಬಿಟ್ಟರೆ ಒಂದು ಗೇಣು ಕಡಿಮೆ ಬೀಳುತ್ತದೆ. ಕೋಲು ಗಿಡ್ಡ ಆಯಿತು ಅಂದುಕೊಂಡೆ. ಮುಂದೆ 3 ಅಡಿಯ ಅಲ್ಯೂಮಿನಿಯಂ ಪೈಪ್ ತಿರುಪು ಹಾಕಿಸಿ ಕೂಡಿಸಿದೆ. ತುದಿಗೆ ಕೊಕ್ಕೆ ಇರುವ ಮೂರು ಮೊನೆ.

ಕೋಲು ಗಿಡ್ಡ ಇರಲೇ ಇಲ್ಲ. ಮಾಸ್ಕ್ ಹಾಕಿ ನೀರೊಳಗೆ ನೋಡಿದರೆ ಎಲ್ಲವೂ ದೊಡ್ಡದಾಗಿ, ಹತ್ತಿರ ಇದ್ದ ಹಾಗೆ ಕಾಣುತ್ತದೆ. 4 ಅಡಿ ದೂರದ ಮೀನು 3 ಅಡಿಯಲ್ಲಿ ಇದೆ ಅನಿಸುತ್ತದೆ. ನಿಮಗೂ ಆಗುತ್ತಿರುವುದು ಅದೇ. ಇನ್ನೊಂದು ಅಡಿ ಹತ್ತಿರ ಹೋಗಬೇಕು, ಅಷ್ಟೇ. ಇದು ನನಗೆ ಆಮೇಲೆ ಗೊತ್ತಾಯಿತು.

ಕೋಲು ಉದ್ದ ಮಾಡಿಸಿದ ಮೇಲಿನ ಸೆಪ್ಟೆಂಬರ್ ಅದು. ಮಳೆಗೆ ಹೊಲದ ಎರೆ ಮಣ್ಣು ಖಣಿಗೆ ಇಳಿದಿತ್ತು. ನೀರಲ್ಲಿ ಹೆಚ್ಚೆಂದರೆ 5 ಅಡಿ ಕಾಣುತ್ತಿತ್ತು. ನಾನು ಮತ್ತು ಚಿಕ್ಕಪ್ಪನ ಮಗ ಇಳಿದೆವು. ಅವನು ಆ ಕಡೆ ಗೋಡೆಯಿಂದ ಮೀನು ಬೆದರಿಸಬೇಕು, ನಾನು ಈ ಕಡೆ ಕಾಯಬೇಕು.

ಈಗ ಲೆಕ್ಕ ಹಾಕಿ, ಯಾಕಂದ್ರೆ ನನ್ನ ತಪ್ಪು ಪೂರ್ತಿ ಈ ಲೆಕ್ಕದಲ್ಲೇ ಇದೆ. ರಬ್ಬರನ್ನು ಹೆಬ್ಬೆರಳ ಸಂದಿಗೆ ಸಿಕ್ಕಿಸಿ ಕೈಯನ್ನು ಮುಂದೆ ಜಾರಿಸಿ ಹಿಡಿಯುತ್ತೀರಿ. 6 ಅಡಿ ಕೋಲಾದರೆ ಕೈಯಿಂದ ಮುಂದೆ 3 ಅಡಿ, ಚಾಚಿದ ತೋಳು 2 ಅಡಿ. ಮೊನೆ ಕಣ್ಣಿಂದ 5 ಅಡಿ ದೂರ. ನನ್ನ 9 ಅಡಿಯದ್ದರಲ್ಲಿ ಕೈಯಿಂದ ಮುಂದೆಯೇ 6 ಅಡಿ, ತೋಳು ಸೇರಿ 8. ಕಾಣುತ್ತಿದ್ದದ್ದು 5. ನನ್ನ ಈಟಿಯ ಮೊನೆಯೇ ನನಗೆ ಕಾಣುತ್ತಿರಲಿಲ್ಲ. ಮೇಲೆ ರಬ್ಬರ್ ಬಿಟ್ಟಾಗ ಅದು ಇನ್ನೂ 3-4 ಅಡಿ ಮುಂದೆ ಹಾರುತ್ತದೆ. ಕಾಣದ ಜಾಗದಲ್ಲಿ ಶುರುವಾಗಿ ಕಾಣದ ಜಾಗದಲ್ಲೇ ಮುಗಿಯುವ ಹೊಡೆತ ಅದು.

ಒಂದು ಕೊರಮೀನು ಎದುರಿಗೆ ಬಂತು, ತಿರುಗಿ ಮಬ್ಬಿನೊಳಗೆ ಹೋಯಿತು. ಹಳೇ ಕೋಲಾಗಿದ್ದರೆ ಹೋಗಲಿ ಬಿಡು ಅನ್ನುತ್ತಿದ್ದೆ. ಕೋಲು ಉದ್ದ ಇದೆ, ಸಿಗುತ್ತದೆ ಅಂತ ಹೋದ ದಿಕ್ಕಿಗೆ ಬಿಟ್ಟೆ. ಕೋಲು ಜಗ್ಗಿತು. ಮೀನು ಹಾಗೆ ಜಗ್ಗುವುದಿಲ್ಲ.

ಅವನ ಮೀನಖಂಡದಲ್ಲಿ ಎರಡು ಮೊನೆ ಇಳಿದಿದ್ದವು. ಕೊಕ್ಕೆ ಇದ್ದದ್ದರಿಂದ ಕೀಳುವ ಹಾಗಿಲ್ಲ. ಕಲ್ಲಿನ ಮೇಲೆ ಕೂಡಿಸಿದೆ. ಅವನೇ ಎರಡೂ ಕೈಯಿಂದ ಮೊನೆ ಅದುಮಿ ಹಿಡಿದ, ನಾನು ಕೋಲಿನ ತಿರುಪು ಬಿಚ್ಚಿದೆ. ಒಂದೊಂದು ಸುತ್ತಿಗೂ ಕಾಲು ನಡುಗುತ್ತಿತ್ತು. ಅವನು ಮಾತಾಡಲಿಲ್ಲ, ಬಿಚ್ಚು ಬಿಚ್ಚು ಅಂತ ಕಣ್ಣಲ್ಲೇ ಹೇಳುತ್ತಿದ್ದ. ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. 20 ದಿನಕ್ಕೆ ಅವನ ಪೊಲೀಸ್ ಭರ್ತಿಯ 1600 ಮೀಟರ್ ಓಟ ಇತ್ತು. ಓಡಲಾಗಲಿಲ್ಲ. ಮುಂದಿನ ಭರ್ತಿ ಬರುವಷ್ಟರಲ್ಲಿ ವಯಸ್ಸು ಮೀರಿತ್ತು.

ನಿಮ್ಮ ಕೋಲಿಗೆ ಬರೋಣ. ಕಾರ್ಬನ್ ಹಗುರ, ವೇಗ ಜಾಸ್ತಿ, ಆದರೆ ಕಲ್ಲಿಗೆ ಬಡಿದರೆ ಸೀಳುತ್ತದೆ. ಖಣಿಗೆ, ಬಂಡೆ ಇರುವ ಜಾಗಕ್ಕೆ ಫೈಬರ್‌ಗ್ಲಾಸ್ ವಾಸಿ. ಇರುವ ಅಲ್ಯೂಮಿನಿಯಂ ಬಾಗಿಲ್ಲ ಅಂದ್ರೆ ಅದೇ ಸಾಕು, ದುಡ್ಡು ಯಾಕೆ ಹಾಕುತ್ತೀರಿ? ಬದಲಿಸುವುದಾದರೆ ರಬ್ಬರ್ ಬದಲಿಸಿ. ನಮ್ಮ ಬಿಸಿಲಿಗೆ ಲೇಟೆಕ್ಸ್ ಬೇಗ ಒಣಗಿ ಬಿರುಕು ಬಿಡುತ್ತದೆ. ಎಳೆದು ನೋಡಿ, ಸಣ್ಣ ಗೆರೆ ಕಂಡರೂ ಬಿಸಾಕಿ. ಎರಡು ರಬ್ಬರ್ ಹಾಕಬೇಡಿ, ಹಿಡಿತ ಸೋತು ಕೈ ನಡುಗಿದರೆ ಗುರಿ ಎಲ್ಲಿ ನಿಲ್ಲುತ್ತದೆ? ಜಿಲೇಬಿ ಮೀನಿಗೆ ಮೂರು ಮೊನೆ ಸರಿ. ದಪ್ಪ ಮೈಯ ಕೊರಮೀನಿಗೆ ಮಡಚುವ ಕೊಕ್ಕೆಯ ಒಂಟಿ ಮೊನೆ ಬೇಕು. ನೀರಿಂದ ಹೊರಗೆ ಯಾವತ್ತೂ ರಬ್ಬರ್ ಎಳೆಯಬೇಡಿ.

ಯಾದಗಿರಿಯವರು ಅಂದಿದ್ದೀರಿ. ಕೃಷ್ಣೆಗೆ ಇಳಿಯುವ ಯೋಚನೆ ಇದ್ದರೆ ದಯವಿಟ್ಟು ಬಿಡಿ, ಅಲ್ಲಿ ಮೊಸಳೆಗಳಿವೆ. ಕೆರೆ ಆದರೆ ಗುತ್ತಿಗೆ ಯಾರದ್ದು ಅಂತ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಖಣಿಯಾದರೆ ಹತ್ತಿ ಬರುವ ದಾರಿ ನೋಡಿಕೊಂಡೇ ಇಳಿಯಿರಿ. ಗೋಡೆ ನೆಟ್ಟಗೆ ಇರುತ್ತದೆ.

ನೀರಿಗೆ ಇಳಿದಾಗ ರಬ್ಬರ್ ಎಳೆಯದೆ ಕೋಲು ಮುಂದೆ ಚಾಚಿ. ಮೊನೆ ಸ್ಪಷ್ಟ ಕಾಣುತ್ತಾ? ಇಲ್ಲ ಅಂದ್ರೆ ಅವತ್ತು ಮೇಲೆ ಬನ್ನಿ. ಎಷ್ಟು ಅಡಿ ಕಾಣುತ್ತದೆ ಅಂತ ಇಲ್ಲೇ ಬರೆಯಿರಿ, ನಿಮ್ಮ ಕೋಲಿಗೆ ರಬ್ಬರ್ ಎಷ್ಟು ಉದ್ದ ಬೇಕು ಅಂತ ಹೇಳುತ್ತೇನೆ.