ಬರಿಗೈಲಿ ಬಂದವರ ಪತ್ರ ಯಾಕೆ ಅಚ್ಚು ಹಾಕುತ್ತೇವೆ

ಬೀಳಗಿಯ ಓದುಗರಿಗೆ ನಮಸ್ಕಾರ.

ನಿಮ್ಮ ಎರಡು ಹಾಳೆಯ ಪತ್ರ ತಲುಪಿತು. ಹೋದ ಸಂಚಿಕೆಯ ಗಾಳದ ಪುಟದಲ್ಲಿ ಏಳು ಜನ ಬರೆದಿದ್ದರು, ಅವರಲ್ಲಿ ನಾಲ್ವರಿಗೆ ಒಂದೂ ಮೀನು ಸಿಕ್ಕಿರಲಿಲ್ಲ. "ಮೀನು ಸಿಗದವರ ಕಥೆ ಓದಿ ನಾವೇನು ಮಾಡೋಣ? ಹಿಡಿದವರು ಎಲ್ಲಿ ಹಿಡಿದರು, ಏನು ಹಾಕಿ ಹಿಡಿದರು ಅಷ್ಟು ತಿಳಿಸಿ, ಸಾಕು" ಎಂದಿದ್ದೀರಿ. ಕೊನೆಗೆ ಸಿಟ್ಟಿನಲ್ಲೇ ಇನ್ನೊಂದು ಸಾಲು ಸೇರಿಸಿದ್ದೀರಿ: "ನಾನೂ ಮೂರು ಐತವಾರ ಕೊಲ್ಹಾರದ ಹಿನ್ನೀರಿಗೆ ಹೋಗಿ ಬರಿಗೈಲೆ ಬಂದೀನಿ. ಅದನ್ನೂ ಬರದು ಕಳಸ್ಲೇನು?" ಆ ಸಾಲಿಗೆ ಆಮೇಲೆ ಬರುತ್ತೇನೆ.

ನಿಮ್ಮ ದೂರಿನಲ್ಲಿ ಅರ್ಧ ನಿಜವಿದೆ. ಆ ನಾಲ್ಕರಲ್ಲಿ ಎರಡು ಪತ್ರ ಬರೀ ಗೋಳಾಗಿದ್ದವು. ಹೋದೆ, ಬಿಸಿಲಲ್ಲಿ ಕೂತೆ, ಬಂದೆ. ನೀರಿನ ಬಣ್ಣ ಹೇಗಿತ್ತು, ಗಾಳಕ್ಕೆ ಏನು ಕಟ್ಟಿದ್ದರು, ಕಟ್ಟಿದ್ದು ಏನಾಯಿತು ಎಂಬುದು ಒಂದೂ ಇರಲಿಲ್ಲ. ಪತ್ರ ಕೈಗೆ ಬಂದಾಗಲೇ ನಾವು ಕೇಳಿ ಬರೆಸಬೇಕಿತ್ತು. ಕೇಳಲಿಲ್ಲ, ಅದು ನಮ್ಮ ತಪ್ಪು.

ಉಳಿದ ಎರಡನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಒಂದು ಜಮಖಂಡಿ ಕಡೆಯಿಂದ ಬಂದದ್ದು. ತಾವು ಯಾವಾಗಲೂ ಕೂರುವ ಕೃಷ್ಣೆಯ ದಂಡೆಯಲ್ಲಿ ಮೊಸಳೆ ಬಿಸಿಲು ಕಾಯುತ್ತ ಮಲಗಿದ್ದನ್ನು ಕಂಡು ಗಾಳ ಬಿಚ್ಚದೆಯೇ ಅವರು ತಿರುಗಿ ಬಂದರು. ಮೀನಿನ ಲೆಕ್ಕದಲ್ಲಿ ಅದು ಸೊನ್ನೆ. ಆದರೆ ಕೃಷ್ಣೆಯಲ್ಲಿ ಮೊಸಳೆ ಇರುವುದು ಗೊತ್ತಿದ್ದೂ ಮೊಣಕಾಲು ನೀರಿಗಿಳಿದು ಗಾಳ ಎಸೆಯುವ ಹುಡುಗರು ಎಷ್ಟು ಮಂದಿ ಇದ್ದಾರೆ ಎಂಬುದು ನಿಮಗೂ ಗೊತ್ತು. ಆ ಪತ್ರವನ್ನು ಅವರು ಓದಲೇಬೇಕು.

ಇನ್ನೊಂದು ಅನಗವಾಡಿ ಸೇತುವೆ ಹತ್ತಿರ ಘಟಪ್ರಭೆಯ ಹಿನ್ನೀರಿನದು. ಅದನ್ನು ಓದುವಾಗ ಅದೇ ದಂಡೆಯ ಮೇಲೆ ನಾನು ಕಳೆದ ಒಂದು ದಿನ ನೆನಪಾಯಿತು. ಶೇಂಗಾ ಹಿಂಡಿಗೆ ಗೋಧಿ ಹಿಟ್ಟು ಕಲಸಿ ನೆಲ್ಲಿಕಾಯಿ ಗಾತ್ರದ ಉಂಡಿ ಮಾಡಿಕೊಂಡು ಹೋಗಿದ್ದೆ. ಬೆಂಡು ನೀರಿನ ಮೇಲೆ ನಡುಗುತ್ತಿತ್ತು, ಮುಳುಗುತ್ತಿರಲಿಲ್ಲ. ಎಳೆದರೆ ಗಾಳ ತೊಳೆದಿಟ್ಟ ಹಾಗೆ ಹೊಳೆಯುತ್ತ ಬರುತ್ತಿತ್ತು. ಮತ್ತೆ ಉಂಡಿ ಕಟ್ಟಿದೆ, ಮತ್ತೆ ಅದೇ. ಆರನೇ ಸಲಕ್ಕೆ, ಪಕ್ಕದಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಅಂಬಿಗರ ಹಿರಿಯರೊಬ್ಬರು ಅಂದರು: "ಸಾಹೇಬ್ರ, ಮೀನ ಇಲ್ಲಂತಲ್ರಿ. ಸಣ್ಣವು ಚುಚ್ಚಿ ಚುಚ್ಚಿ ತಿಂದು ಹೊಂಟಾವ. ಬೆಂಡ ಎರಡು ಮೊಳ ಮ್ಯಾಲ ಸರಸ್ರಿ, ಉಂಡಿ ನೆಲಾ ಮುಟ್ಲಿ."

ಸರಿಸಿದೆ. ಆ ದಿನ ಆದರೂ ಏನೂ ಸಿಗಲಿಲ್ಲ. ಆದರೆ ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ ಎಂದು ಪುಸ್ತಕದಲ್ಲಿ ಓದಿದ್ದು ನನ್ನ ಕೈಗೆ ಬಂದದ್ದು ಆ ಖಾಲಿ ಗಾಳದಿಂದಲೇ. ಉಂಡಿ ಹಾಕಿದ ಹಾಗೇ ಇಡಿಯಾಗಿ ಮೇಲೆ ಬಂದರೆ ಅದರ ಅರ್ಥ ಬೇರೆ, ಕೆರೆದು ಬಂದರೆ ಬೇರೆ, ಒಂದೇ ಏಟಿಗೆ ಹೋದರೆ ಮತ್ತೂ ಬೇರೆ. ಮೀನು ಹಿಡಿದು ನಿಂತವರ ಫೋಟೊದಲ್ಲಿ ಇದು ಯಾವುದೂ ಕಾಣುವುದಿಲ್ಲ.

ಇನ್ನು ಲೆಕ್ಕದ ಮಾತು, ಇದನ್ನು ದಯವಿಟ್ಟು ಸಾವಕಾಶ ಓದಿ. ಒಂದು ಐತವಾರ ಹತ್ತು ಜನ ತಲಾ 4 ತಾಸು ಕೂತರು, ಇಬ್ಬರಿಗೆ ಒಂದೊಂದು ಮೀನು ಸಿಕ್ಕಿತು ಅನ್ನಿ. 40 ತಾಸಿಗೆ 2 ಮೀನು, ಅಂದರೆ ಒಂದು ಮೀನಿಗೆ 20 ತಾಸು. ಆ ಇಬ್ಬರ ಪತ್ರ ಮಾತ್ರ ನಾನು ಅಚ್ಚು ಹಾಕಿದರೆ ಓದಿದವರ ಲೆಕ್ಕ 8 ತಾಸಿಗೆ 2 ಮೀನು, ಒಂದಕ್ಕೆ 4 ತಾಸು ಎಂದಾಗುತ್ತದೆ. ಹೊಳೆ ಇದ್ದದ್ದಕ್ಕಿಂತ ಐದು ಪಟ್ಟು ಸಮೃದ್ಧವಾಗಿ ಕಾಣುತ್ತದೆ. ಮೀನು ಕಡಿಮೆಯಾಗುತ್ತಿದೆಯೋ ಹೆಚ್ಚುತ್ತಿದೆಯೋ ಎಂದು ತಿಳಿಯಲು ಮೀನುಗಾರಿಕೆ ವಿಜ್ಞಾನದವರೂ ಹಿಡಿದ ಮೀನಿನ ಜೊತೆಗೆ ಹಿಡಿಯಲು ಕಳೆದ ಹೊತ್ತನ್ನು ಇಟ್ಟು ನೋಡುತ್ತಾರೆ. ಸೊನ್ನೆಗಳನ್ನು ಬಿಟ್ಟರೆ ಅವರ ಲೆಕ್ಕವೂ ಕೆಡುತ್ತದೆ. ನಾಳೆ ಬಾಳೆ ಮೀನು ನಮ್ಮ ಹೊಳೆಯಿಂದ ಮರೆಯಾದರೂ, ಸಿಕ್ಕವರ ಫೋಟೊ ಮಾತ್ರ ಹಾಕುವ ಪತ್ರಿಕೆಗೆ ಅದು ಗೊತ್ತಾಗುವುದೇ ಇಲ್ಲ. ಬಾಳೆ ಮೀನು ಈಗಾಗಲೇ ಜಗತ್ತಿನ ಅಪಾಯದಂಚಿನ ಜೀವಿಗಳ ಪಟ್ಟಿ ಸೇರಿದೆ. ಈ ಮಾತು ನನಗೆ ನಿಜವಾಗಿಯೂ ಸಂಕಟದ್ದು.

ನಮ್ಮ ನೀರಂತೂ ತಿಂಗಳಿಗೊಂದು ರೂಪ ತಾಳುವ ನೀರು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾಗಿ ಆಲಮಟ್ಟಿ ಅಣೆಕಟ್ಟು ತನ್ನ ಪೂರ್ಣ ಮಟ್ಟಕ್ಕೆ, ಅಂದರೆ ಸಮುದ್ರಮಟ್ಟದಿಂದ 519.60 ಮೀಟರಿಗೆ ತುಂಬಿದಾಗ ಹೊಲ, ಬದು, ಜಾಲಿ ಕಂಟಿ ಎಲ್ಲದರ ಮೇಲೂ ನೀರು ಹರಡುತ್ತದೆ. ಮೀನೂ ಅದರ ಜೊತೆ ಹರಡುತ್ತದೆ, ಗಾಳ ಹೋಗಿ ಮುಳುಗಿದ ಜಾಲಿಗೆ ಸಿಕ್ಕಿಕೊಳ್ಳುತ್ತದೆ. ಕಾಲುವೆಗೆ ನೀರು ಬಿಡುತ್ತ ಬಂದ ಹಾಗೆ ದಂಡೆ ಹಿಂದೆ ಸರಿದು, ಏಪ್ರಿಲ್ ಹೊತ್ತಿಗೆ ನೀವು ಕೂತಿದ್ದ ಜಾಗದಲ್ಲಿ ಬಿರುಕು ಬಿಟ್ಟ ಎರೆಮಣ್ಣು ಇರುತ್ತದೆ. ಬೇಸಗೆಯ ಕಾದ ನೀರಲ್ಲಿ ಆಮ್ಲಜನಕ ಕಡಿಮೆ. ಪಾಚಿಗಟ್ಟಿದ ನಿಂತ ನೀರಾದರೆ ರಾತ್ರಿಯೆಲ್ಲ ಪಾಚಿಯೂ ಅದನ್ನೇ ಉಸಿರಾಡಿ, ನಸುಕಿಗೆ ತೀರ ಇಳಿದಿರುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುವುದು ಕಾಣುತ್ತದೆ, ಉಂಡಿ ಮಾತ್ರ ಮುಟ್ಟುವುದಿಲ್ಲ. ನಸುಕಿಗೇ ಹೋಗಿ ಬರಿಗೈಲಿ ಬಂದ ಮೂರು ಜನ ತಾರೀಕಿನ ಸಮೇತ ಬರೆದರೆ ನಾಲ್ಕನೆಯವರು ಬಿಸಿಲೇರಿದ ಮೇಲೆ ಹೋಗಿ ನೋಡುತ್ತಾರೆ.

ಮತ್ತೊಂದು ಸಂಗತಿ. ನವನಗರದ ಕಾಲೇಜು ಹುಡುಗನೊಬ್ಬ ಐದು ಸಲ ಖಾಲಿ ಬಂದು, ಈ ವಿದ್ಯೆ ತನಗೆ ಒಲಿಯುವುದಿಲ್ಲ ಎಂದು ಗಾಳದ ಕೋಲನ್ನು ಅಟ್ಟಕ್ಕೆ ಹಾಕಿದ್ದನಂತೆ. ಮೂವತ್ತು ವರ್ಷದ ಅನುಭವಸ್ಥರೂ ಖಾಲಿ ಬರುತ್ತಾರೆ ಎಂದು ನಮ್ಮ ಪುಟದಲ್ಲಿ ಓದಿ ಮತ್ತೆ ಇಳಿಸಿದೆ ಎಂದು ಬರೆದಿದ್ದಾನೆ. ಆ ಪತ್ರ ನನ್ನ ಮೇಜಿನ ಮೇಲೆಯೇ ಇದೆ.

ಈಗ ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ಹೌದು, ಬರೆದು ಕಳಿಸಿ. ಮೂರು ಐತವಾರದ ತಾರೀಕು ಹಾಕಿ. ಎಷ್ಟು ಹೊತ್ತಿಗೆ ಕೂತಿರಿ, ಎಷ್ಟು ಹೊತ್ತಿಗೆ ಎದ್ದಿರಿ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ನೀರು ಕೆಂಪಗಿತ್ತೋ ತಿಳಿಯಾಗಿತ್ತೋ ಬರೆಯಿರಿ. ಬೆಂಡು ಅಲುಗಿತೋ ಇಲ್ಲವೋ, ಉಂಡಿ ಇಡಿಯಾಗಿ ಬಂತೋ ಕೆರೆದು ಬಂತೋ ಅದನ್ನೂ ಮರೆಯಬೇಡಿ. ಕೊಲ್ಹಾರದ ಆ ದಂಡೆಯಿಂದ ಈ ವರ್ಷ ಇನ್ನೂ ಯಾರೂ ನಮಗೆ ಬರೆದಿಲ್ಲ. ಬರುವ ಸಂಚಿಕೆಯಲ್ಲಿ ಅರ್ಧ ಪುಟ ನಿಮಗಾಗಿ ತೆಗೆದಿಟ್ಟಿದ್ದೇನೆ.

— ಸಂಪಾದಕ